ದೊಡ್ಡ ಹೆಸರೋ, ಎದುರಿನ ಕುರ್ಚಿಯೋ: ಅಮೆರಿಕದಲ್ಲಿ ಪೆಥಾಲಜಿ ಅನುಭವಕ್ಕೆ ನಾನು ಹಿಡಿದ ನಾಲ್ಕು ದಾರಿ

ಪೆಥಾಲಜಿ (ಅಂಗಾಂಶ, ರಕ್ತ ಪರೀಕ್ಷಿಸಿ ರೋಗ ಗುರುತಿಸುವ ವಿಭಾಗ) ರೆಸಿಡೆನ್ಸಿಗಾಗಿ, ಅಂದರೆ ಆಸ್ಪತ್ರೆಯಲ್ಲೇ ಪಡೆಯುವ ತಜ್ಞ ತರಬೇತಿಗಾಗಿ, ಅಮೆರಿಕಕ್ಕೆ ಅರ್ಜಿ ಹಾಕುವ ಹೊರದೇಶದ ವೈದ್ಯರೆಲ್ಲ ಒಂದೇ ಜಾಗದಲ್ಲಿ ಎಡವುತ್ತೇವೆ. ಅಲ್ಲಿನ ವೈದ್ಯ ಪರವಾನಗಿಯ ಯು.ಎಸ್.ಎಂ.ಎಲ್.ಇ. ಪರೀಕ್ಷೆಗಳನ್ನು ಹಗಲೂ ರಾತ್ರಿ ಓದಿ ದಾಟಬಹುದು. ಮೊದಲ ಹಂತದ ಪರೀಕ್ಷೆಗಂತೂ 2022ರ ಜನವರಿಯಿಂದ ಅಂಕವೇ ಇಲ್ಲ, ಪಾಸು ಇಲ್ಲವೇ ಫೇಲು. ಆಮೇಲೆ ಉಳಿಯುವುದು ಅಲ್ಲಿನ ಆಸ್ಪತ್ರೆಯ ಅನುಭವ ಮತ್ತು ಅಲ್ಲಿನ ಪೆಥಾಲಜಿಸ್ಟ್ ಬರೆದ ಶಿಫಾರಸು ಪತ್ರ. ಅವುಗಳ ಬೆನ್ನು ಹತ್ತಿ ಎರಡು ವರ್ಷದಲ್ಲಿ ನಾನು ವಿಶ್ವವಿದ್ಯಾಲಯದ ದೊಡ್ಡ ಆಸ್ಪತ್ರೆ, ಮೂವರೇ ಪೆಥಾಲಜಿಸ್ಟರಿದ್ದ ಸಣ್ಣ ಆಸ್ಪತ್ರೆ, ಸಂಶೋಧನಾ ಪ್ರಯೋಗಾಲಯ ಮತ್ತು ಆನ್‌ಲೈನ್ ಸ್ಲೈಡ್ ತರಗತಿ, ಈ ನಾಲ್ಕನ್ನೂ ನೋಡಿಬಂದೆ.

ಮೆಡಿಸಿನ್ ಅಥವಾ ಸರ್ಜರಿಗೆ ಹೋಗುವವರು ಬರೀ ನೋಡುತ್ತ ಕಲಿಯುವ ಅಬ್ಸರ್ವರ್‌ಶಿಪ್ ಎಂದರೆ ಮೂಗು ಮುರಿಯುತ್ತಾರೆ. ರೋಗಿಯನ್ನು ಮುಟ್ಟುವಂತಿಲ್ಲ, ಕೈಕಟ್ಟಿ ನಿಲ್ಲಬೇಕು, ಅದರಿಂದ ಏನು ಬಂತು ಎಂದು. ನಮ್ಮ ವಿಭಾಗದ ಲೆಕ್ಕ ಬೇರೆ. ಇಲ್ಲಿ ನೋಡುವುದೇ ಕೆಲಸ. ಅಂಗಾಂಶವನ್ನು ಕತ್ತರಿಸಿ ಕ್ಯಾಸೆಟ್ ಎಂಬ ಪುಟ್ಟ ಡಬ್ಬಿಗೆ ತುಂಬುವ ಗ್ರಾಸಿಂಗ್ ಒಂದನ್ನು ಬಿಟ್ಟರೆ, ರೆಸಿಡೆಂಟ್ ನೋಡುವ ಸ್ಲೈಡನ್ನೇ ವೀಕ್ಷಕನೂ ನೋಡಬಹುದು. ಹಾಗಾಗಿ ನಾಲ್ಕೂ ಕಡೆ ನಾನು ಅಳೆದದ್ದು ಒಂದನ್ನೇ: ಉತ್ತರ ಗೊತ್ತಾಗುವ ಮೊದಲು ಸ್ಲೈಡ್ ನನ್ನ ಕೈಗೆ ಬರುತ್ತದೆಯೇ?

ದೊಡ್ಡ ಆಸ್ಪತ್ರೆಯಲ್ಲಿ ಬರಲಿಲ್ಲ. ಸ್ಲೈಡ್ ನೋಡಿ ಅಂತಿಮ ವರದಿಗೆ ಸಹಿ ಹಾಕುವ, ಅಂದರೆ ಸೈನ್‌ಔಟ್ ಮಾಡುವ, ಅಲ್ಲಿನ ಕೋಣೆಯಲ್ಲಿ ಹತ್ತು ಜನ ಒಟ್ಟಿಗೆ ನೋಡಬಹುದಾದ ಮೈಕ್ರೋಸ್ಕೋಪ್ ಇತ್ತು. ಹತ್ತು ತಲೆ ಇದ್ದುದರಿಂದ ನಾನು ಅದಕ್ಕೆ ರಾವಣ ಎಂದೇ ಹೆಸರಿಟ್ಟಿದ್ದೆ. ಅಟೆಂಡಿಂಗ್ ಎಂಬ ಹಿರಿಯ ತಜ್ಞರ ಪಕ್ಕ ಫೆಲೋ (ರೆಸಿಡೆನ್ಸಿ ಮುಗಿಸಿ ಉಪವಿಭಾಗ ಕಲಿಯುವವರು), ಅವರ ಪಕ್ಕ ರೆಸಿಡೆಂಟರು, ಆಮೇಲೆ ವಿದ್ಯಾರ್ಥಿಗಳು, ಕಟ್ಟಕಡೆಯ ಕುರ್ಚಿ ನನ್ನದು. ಆ ತುದಿಗೆ ತಲುಪುವಷ್ಟರಲ್ಲಿ ಬೆಳಕು ಮಂಕಾಗಿರುತ್ತದೆ. ಜಾಗ ತೋರಿಸುವ ಹಸಿರು ಬಾಣವೊಂದು ಗುಲಾಬಿ ಮತ್ತು ನೇರಳೆ ಬಣ್ಣಗಳ ನಡುವೆ ಮಿಡತೆಯಂತೆ ನೆಗೆದು, ಎಲ್ಲಿ ಕೂತಿತು ಎಂದು ಹುಡುಕುವುದರೊಳಗೆ ಮುಂದಿನ ಸ್ಲೈಡ್ ಬಂದಿರುತ್ತದೆ. ಅಲ್ಲಿ ಕಂಡ ಪ್ರಕರಣಗಳಿಗೆ ಮಾತ್ರ ಸಾಟಿಯಿಲ್ಲ. ಒಂದು ಮೇಜಿನಲ್ಲಿ ಮೂತ್ರಪಿಂಡದ ಬಯಾಪ್ಸಿಗಳು ಮಾತ್ರ, ಇನ್ನೊಂದರಲ್ಲಿ ಮೃದು ಅಂಗಾಂಶದ ಗಡ್ಡೆಗಳು ಮಾತ್ರ. ಅಂಥ ಅಂಗಾಂಶದ ಕ್ಯಾನ್ಸರ್‌ಗಳಾದ ಸಾರ್ಕೋಮಾಗಳನ್ನು ಅಷ್ಟೊಂದು ಒಂದೇ ವಾರದಲ್ಲಿ ಬೇರೆಲ್ಲೂ ನೋಡಿಲ್ಲ.

ನಾನು ಹೋದದ್ದು ಜುಲೈನಲ್ಲಿ, ಅದೇ ಎಡವಟ್ಟು. ಜುಲೈ 1ಕ್ಕೆ ಹೊಸ ರೆಸಿಡೆಂಟರು ಬರುತ್ತಾರೆ, ಎಲ್ಲರ ಗಮನವೂ ಅವರ ಮೇಲೆ. ಅವರಿಗೆ ಗ್ರಾಸಿಂಗ್ ಹೇಳಿಕೊಡುವಾಗ ಹಿಂದೆ ನಿಂತು ನೋಡಿದ್ದು, ಅದರಲ್ಲೂ ಸ್ತನದ ಗಡ್ಡೆಯ ಅಂಚುಗಳಿಗೆ ಆರು ಬಣ್ಣದ ಶಾಯಿ ಬಳಿಯುವ ಕ್ರಮ, ಒಂದು ಲಾಭ. ಪತ್ರ ಕೇಳಲು ಹೋದಾಗ ಪ್ರಾಧ್ಯಾಪಕರು ಬಹಳ ಸೌಜನ್ಯದಿಂದ ಕೇಳಿದರು: “ನೀವು ಯಾವ ತಿಂಗಳು ಬಂದಿದ್ದಿರಿ?” ನಾನು ಅಲ್ಲಿಂದ ಹೊರಟು ಹನ್ನೊಂದು ದಿನವಾಗಿತ್ತು.

ಸಣ್ಣ ಆಸ್ಪತ್ರೆಗೆ ಸೇರಿದ್ದು ಹೆಚ್ಚುಕಡಿಮೆ ಗತಿಯಿಲ್ಲದೆ. ನೂರಕ್ಕೂ ಹೆಚ್ಚು ಇಮೇಲ್ ಕಳಿಸಿದ ಮೇಲೆ ಬಂದ ಮೂರು ಉತ್ತರಗಳಲ್ಲಿ ಅದೂ ಒಂದು. ಶುಲ್ಕವಿಲ್ಲ, ಲಸಿಕೆಯ ದಾಖಲೆ, ಕ್ಷಯ ಪರೀಕ್ಷೆ ಮತ್ತು ರೋಗಿಯ ಗೋಪ್ಯತೆಯ ತರಬೇತಿ ಮುಗಿಸಿದರೆ ಸಾಕು ಎಂದರು. ಮೊದಲ ದಿನವೇ ಅಲ್ಲಿನ ಹಿರಿಯ ವೈದ್ಯೆ ಒಂದು ತಟ್ಟೆ ಸ್ಲೈಡ್ ಕೊಟ್ಟು, “ವರದಿ ನೋಡಬೇಡಿ. ನಿಮಗೆ ಏನನ್ನಿಸುತ್ತದೋ ಬರೆದಿಡಿ, ನಾಳೆ ಬೆಳಿಗ್ಗೆ ಕೂತು ನೋಡೋಣ” ಎಂದರು. ಅವರ ಎದುರಿಗೇ ಕುರ್ಚಿ, ಮೈಕ್ರೋಸ್ಕೋಪಿಗೆ ಎರಡೇ ತಲೆ.

ಎರಡನೆಯ ವಾರ ಶಸ್ತ್ರಚಿಕಿತ್ಸಾ ಕೊಠಡಿಯಿಂದ ಕಡಲೆಬೇಳೆಯಷ್ಟು ಅಂಗಾಂಶ ಬಂತು. ಅದು ಥೈರಾಯ್ಡ್ ಬೆನ್ನಿಗೆ ಅಂಟಿರುವ ಪುಟ್ಟ ಗ್ರಂಥಿ ಪ್ಯಾರಾಥೈರಾಯ್ಡ್ ಹೌದೋ ಅಲ್ಲವೋ ಎಂಬುದು ಪ್ರಶ್ನೆ. ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಹೆಪ್ಪುಗಟ್ಟಿಸಿ ನೋಡುವ ಇಂಥ ಫ್ರೋಜನ್ ಸೆಕ್ಷನ್‌ಗೆ ಇಪ್ಪತ್ತು ನಿಮಿಷದೊಳಗೆ ಉತ್ತರ ಹೇಳುವುದು ಅಲ್ಲಿನ ವಾಡಿಕೆ, ಅತ್ತ ರೋಗಿ ಇನ್ನೂ ಮೇಜಿನ ಮೇಲೆಯೇ ಇರುತ್ತಾರೆ. ತಂತ್ರಜ್ಞರು ಕ್ರಯೋಸ್ಟಾಟ್ ಎಂಬ ಶೀತಯಂತ್ರದಲ್ಲಿ ತುಂಡನ್ನು ಹೆಪ್ಪುಗಟ್ಟಿಸಿ, ಕೊಯ್ದು, ಬಣ್ಣ ಹಾಕಿ ತಂದರು. ವೈದ್ಯೆ ಸ್ಲೈಡನ್ನು ಇಟ್ಟು ನನ್ನ ಮುಖ ನೋಡಿದರು. ಒತ್ತೊತ್ತಾದ ಸಣ್ಣ ಕೋಶಗಳು, ಅಲ್ಲಲ್ಲಿ ಪುಟ್ಟ ಚೀಲದಂಥ ಕೋಶಿಕೆಗಳು (ಫಾಲಿಕಲ್). “ಪ್ಯಾರಾಥೈರಾಯ್ಡ್” ಎಂದೆ. ಅವರು ಏನೂ ಹೇಳದೆ ಬೆಳಕಿನ ದಾರಿಗೆ ಪೋಲರೈಸರ್ ಎಂಬ ಬೆಳಕು ಸೋಸುವ ಗಾಜು ಸೇರಿಸಿ ತಿರುಗಿಸಿದರು. ಕಪ್ಪು ಹಿನ್ನೆಲೆಯಲ್ಲಿ, ಕೋಶಿಕೆಗಳೊಳಗಿನ ಅಂಟಿನಂಥ ಕೊಲಾಯ್ಡ್‌ನಲ್ಲಿ ಸಕ್ಕರೆ ಚೆಲ್ಲಿದ ಹಾಗೆ ಹರಳುಗಳು ಮಿನುಗಿದವು. ಕ್ಯಾಲ್ಸಿಯಂ ಆಕ್ಸಲೇಟ್. ಅದು ಕಂಡರೆ ಥೈರಾಯ್ಡ್ ಕಡೆಗೇ ವಾಲಬೇಕು. ಅವರು ಫೋನಿನಲ್ಲಿ “ಥೈರಾಯ್ಡ್ ಅಂಗಾಂಶ, ಇನ್ನೊಂದು ತುಣುಕು ಕಳಿಸಿ” ಎಂದು ಹೇಳುವಾಗ ನನ್ನ ಕಿವಿ ಬಿಸಿಯಾಗಿತ್ತು. ಪುಸ್ತಕದಲ್ಲಿ ಆ ಸಾಲನ್ನು ಎರಡು ಬಾರಿ ಓದಿದ್ದವರು ನಾವೇ!

ಅವರು ಬರೆದ ಪತ್ರವನ್ನು ನಾನು ನೋಡಿಲ್ಲ. ನೋಡುವ ಹಕ್ಕನ್ನು ಬಿಟ್ಟುಕೊಡುವುದೇ ರೂಢಿ, ಇಲ್ಲವಾದರೆ ಓದುವವರು ಪತ್ರವನ್ನು ನಂಬುವುದಿಲ್ಲ. ಆದರೆ ಎರಡು ಸಂದರ್ಶನಗಳಲ್ಲಿ ಆ ಹರಳುಗಳ ಪ್ರಸ್ತಾಪ ಬಂತು.

ಕೊರತೆಯೂ ಇತ್ತು. ಕರುಳಿನ ಪಾಲಿಪ್ (ಒಳಪದರದ ಗಂಟು), ಪಿತ್ತಕೋಶ, ಮತ್ತೆ ಪಾಲಿಪ್. ರಕ್ತನಿಧಿಯ ಕೆಲಸ ಬಹುತೇಕ ಕಣ್ಣಿಗೇ ಬೀಳಲಿಲ್ಲ. ಅಂಗಾಂಶ ಮತ್ತು ಪ್ರಯೋಗಾಲಯ ಎರಡೂ ಸೇರಿದ ನಾಲ್ಕು ವರ್ಷದ ರೆಸಿಡೆನ್ಸಿಗೆ ಅರ್ಜಿ ಹಾಕುವವರಿಗೆ ಇದು ಸಣ್ಣ ಕೊರತೆಯಲ್ಲ. ಅಲ್ಲಿ ರೆಸಿಡೆನ್ಸಿಯೂ ಇಲ್ಲದ್ದರಿಂದ, ನಮ್ಮನ್ನು ಮೆಚ್ಚಿದರೂ ಅವರೇ ಸೇರಿಸಿಕೊಳ್ಳುವ ಹಾಗಿಲ್ಲ.

ಸಂಶೋಧನೆಗೆ ಜೆ-1 ಎಂಬ ವಿನಿಮಯ ವೀಸಾದಲ್ಲಿ ಒಂದು ವರ್ಷ ಹೋಯಿತು. ಪ್ರವಾಸಿ ವೀಸಾದ ವೀಕ್ಷಕನಿಗೆ ಸಿಗದ ಸಂಬಳ ಇಲ್ಲಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ದಿನವಿಡೀ ಸ್ಲೈಡ್ ಚಿತ್ರ ಅಳೆಯುವ ಕ್ಯೂಪಾಥ್ ತಂತ್ರಾಂಶದಲ್ಲಿ, ವಿಭಜನೆಯಾಗುತ್ತಿರುವ ಕೋಶಗಳನ್ನು ತೋರಿಸುವ ಕೆಐ-67 ಬಣ್ಣ ಹಿಡಿದ ಕೋಶಕೇಂದ್ರಗಳನ್ನು ಎಣಿಸುವುದು, ಯಂತ್ರ ತಪ್ಪಿದ ಕಡೆ ತಿದ್ದುವುದು. ಮಾರ್ಚ್‌ನ ಪೆಥಾಲಜಿಸ್ಟರ ಯು.ಎಸ್.ಸಿ.ಎ.ಪಿ. ಸಮ್ಮೇಳನದಲ್ಲಿ ಒಂದು ಪೋಸ್ಟರ್ ಆಯಿತು. ಇಷ್ಟಾದರೂ ಕೆಲವು ರೆಸಿಡೆನ್ಸಿಗಳಲ್ಲಿ ಇದನ್ನು ಕ್ಲಿನಿಕಲ್ ಅನುಭವವೆಂದು ಎಣಿಸಲೇ ಇಲ್ಲ. ನನ್ನನ್ನು ಉಳಿಸಿದ್ದು ಮಾರ್ಗದರ್ಶಕರು ಸ್ವತಃ ಸೈನ್‌ಔಟ್ ಮಾಡುವ ಪೆಥಾಲಜಿಸ್ಟ್ ಆಗಿದ್ದದ್ದು. ಮಧ್ಯಾಹ್ನ ಅವರ ಪಕ್ಕ ಕೂರಲು ಬಿಡುತ್ತಿದ್ದರು. ಪಕ್ಕದ ಪ್ರಯೋಗಾಲಯದ ಗೆಳೆಯನ ಮಾರ್ಗದರ್ಶಕರು ಪೆಥಾಲಜಿಸ್ಟ್ ಅಲ್ಲ. ಅವರ ಪತ್ರದಲ್ಲಿ ಅವನ ಪಿಪೆಟ್ ಹಿಡಿತದ ಹೊಗಳಿಕೆ ಬಿಟ್ಟು ಬೇರೇನೂ ಇರಲಾರದು ಎಂದು ಅವನೇ ನಗುತ್ತಿದ್ದ.

ಆನ್‌ಲೈನ್ ತರಗತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರಾಥಮಿಕ ರೋಗನಿದಾನಕ್ಕೇ ಸ್ಕ್ಯಾನ್ ಮಾಡಿದ ಸ್ಲೈಡುಗಳ ವ್ಯವಸ್ಥೆಯೊಂದಕ್ಕೆ ಅಮೆರಿಕದ ಔಷಧ, ವೈದ್ಯ ಉಪಕರಣಗಳ ನಿಯಂತ್ರಕ ಸಂಸ್ಥೆ ಎಫ್.ಡಿ.ಎ. 2017ರಲ್ಲಿ ಒಪ್ಪಿಗೆ ಕೊಟ್ಟಿದೆ, ಚಿತ್ರದ ಗುಣಮಟ್ಟಕ್ಕೆ ಹೆಸರಿಡುವಂತಿಲ್ಲ. ಕಣ್ಣು ಪಳಗಿಸಲು ಇದಕ್ಕಿಂತ ಅಗ್ಗದ ದಾರಿಯಿಲ್ಲ. ಆದರೆ ಪರದೆಯ ಚೌಕದಲ್ಲಿ ಮುಖ ಕಂಡವರ ಬಗ್ಗೆ ಯಾರು ತಾನೇ ಏನು ಬರೆಯಲು ಸಾಧ್ಯ? ಹಣ ಕಟ್ಟಿದರೆ ಪ್ರಮಾಣಪತ್ರವನ್ನೂ ಪತ್ರವನ್ನೂ ಒಟ್ಟಿಗೆ ಕೊಡುತ್ತೇವೆನ್ನುವ ಮಧ್ಯವರ್ತಿಗಳ ಮಾತಿಗೆ ನಾನೂ ಒಮ್ಮೆ ಮರುಳಾದೆ. ಆ ಪತ್ರವನ್ನು ಅರ್ಜಿಗೆ ಸೇರಿಸಲಿಲ್ಲ.

ಮತ್ತೆ ಶುರುಮಾಡುವುದಾದರೆ ಮೊದಲು ಎರಡು ತಿಂಗಳು ಆನ್‌ಲೈನ್‌ನಲ್ಲಿ ಕಣ್ಣು ಪಳಗಿಸಿಕೊಳ್ಳುತ್ತೇನೆ. ಏಪ್ರಿಲ್, ಮೇ ಹೊತ್ತಿಗೆ ಸಣ್ಣ ಆಸ್ಪತ್ರೆ, ಆಗಸ್ಟ್‌ನಲ್ಲಿ ರೆಸಿಡೆನ್ಸಿ ಇರುವ ಒಂದು ಆಸ್ಪತ್ರೆ. ಅರ್ಜಿಗಳು ಸೆಪ್ಟೆಂಬರ್‌ನಲ್ಲಿ ಹೋಗುತ್ತವೆ, ಅಷ್ಟರೊಳಗೆ ಪತ್ರಗಳು ಸೇರಿರಬೇಕು. ಒಂದು ರೆಸಿಡೆನ್ಸಿ ಕಾರ್ಯಕ್ರಮಕ್ಕೆ ನಾಲ್ಕಕ್ಕಿಂತ ಹೆಚ್ಚು ಪತ್ರ ಕಳಿಸುವಂತಿಲ್ಲ, ಹಾಗಾಗಿ ಐದನೆಯ ಕಡೆಗೆ ಓಡಿ ಹಣ ಕಳೆಯುವುದಿಲ್ಲ. ಸಂಶೋಧನೆಗೆ ಹೋಗುವುದು ಓದು ಮುಗಿಸಿ ಬಹಳ ವರ್ಷವಾಗಿದ್ದರೆ ಮಾತ್ರ. ಇಮೇಲ್‌ನಲ್ಲಿ ಆಸ್ಪತ್ರೆಯ ಕೀರ್ತಿಯನ್ನು ಹೊಗಳಿ ಬರೆಯುತ್ತಿದ್ದ ಮೊದಲ ಪ್ಯಾರಾ ತೆಗೆದುಹಾಕಿ, “ಸೈನ್‌ಔಟ್‌ಗೆ ಮೊದಲು ಸ್ಲೈಡ್‌ಗಳನ್ನು ನಾನೊಬ್ಬನೇ ಕೂತು ನೋಡಲು ಅವಕಾಶವಿದೆಯೇ?” ಎಂದು ಕೇಳುತ್ತೇನೆ.