ಬೇಟೆ ರೈಫಲ್ ತೋಟಾ: ಕತ್ತು ಮಾತ್ರ ಒತ್ತಬೇಕಾ, ಇಡೀ ಕೇಸ್ ಒತ್ತಬೇಕಾ?

ಅಮೆರಿಕದಲ್ಲಿ ಜಿಂಕೆ ಬೇಟೆಗೆ .30-06 ಅಳತೆಯ ತೋಟಾವನ್ನು ಮನೆಯಲ್ಲೇ ತುಂಬಿಕೊಳ್ಳುವವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಗುಂಡು ಹಾರಿಸಿದಾಗ ತೋಟಾದ ಹಿತ್ತಾಳೆ ಕೇಸ್ ಉಬ್ಬಿ ಚೇಂಬರ್ (ರೈಫಲ್‌ನಲ್ಲಿ ತೋಟಾ ಕೂರುವ ಗೂಡು) ಆಕಾರಕ್ಕೆ ಕೂರುತ್ತದೆ. ಮತ್ತೆ ತುಂಬುವ ಮೊದಲು ಅದನ್ನು ಡೈ ಎಂಬ ಅಚ್ಚಿನಲ್ಲಿ ಒತ್ತಿ ಕಿರಿದು ಮಾಡಬೇಕು. ಕತ್ತು, ಅಂದರೆ ಗುಂಡನ್ನು ಹಿಡಿಯುವ ಬಾಯಿಯ ಭಾಗ ಮಾತ್ರ ಒತ್ತಿದರೆ ಉಳಿದ ಕೇಸಿನ ಆ ಆಕಾರ ಹಾಗೇ ಉಳಿಯುತ್ತದೆ, ಹಿತ್ತಾಳೆಯೂ ಜಾಸ್ತಿ ದಣಿಯುವುದಿಲ್ಲ. ಆದರೆ ಅದು ಅದೇ ರೈಫಲ್‌ಗಷ್ಟೇ ಸರಿ. ಕೆಲವು ಸಲ ಹಾರಿಸಿ ತುಂಬಿದ ಮೇಲೆ ಬೋಲ್ಟ್ (ಚೇಂಬರ್ ಮುಚ್ಚುವ ಅಗುಳಿ) ಬಿಗಿಯಾಗುತ್ತದೆ. ಅದರ ಹಿಡಿ ಕೆಳಗೆ ತಳ್ಳುವಾಗ ಅಂಗೈಗೇ ಗೊತ್ತಾಗುತ್ತದೆ.

ಇಡೀ ಕೇಸ್ ಒತ್ತಿದರೆ ಬೋಲ್ಟ್ ಸಲೀಸು. ಹಾಗಂತ ಡೈಯನ್ನು ಸುಮ್ನೆ ಪೂರ್ತಿ ಇಳಿಸಬೇಡಿ. ಕೇಸಿನ ಭುಜ (ಕತ್ತಿನ ಕೆಳಗಿನ ಇಳಿಜಾರು) ಇಂಚಿನ ಸಾವಿರದಲ್ಲಿ 2 ಭಾಗ ಹಿಂದೆ ಸರಿದರೆ ಸಾಕು. ಜಾಸ್ತಿ ತಳ್ಳಿದರೆ ಬುಡದ ಹತ್ತಿರ ಹಿತ್ತಾಳೆ ತೆಳುವಾಗಿ ಬಿರುಕು ಬಿಡುತ್ತದೆ. ತುದಿ ಬಾಗಿಸಿದ ತಂತಿಯನ್ನು ಒಳಗೆ ಆಡಿಸಿ ನೋಡಿ. ಎಲ್ಲಾದರೂ ಸಿಕ್ಕಿಕೊಂಡರೆ ಆ ಕೇಸ್ ಎಸೆದುಬಿಡಿ.

ಬೇಟೆಗೆ ನನ್ನ ಆಯ್ಕೆ ಎರಡನೆಯದೇ. ಚಳಿಯಲ್ಲಿ ಎರಡನೇ ಗುಂಡಿಗೆ ಬೋಲ್ಟ್ ಮುಚ್ಚದಿದ್ದರೆ ಗಾಯಗೊಂಡ ಜಿಂಕೆ ನರಳುತ್ತದೆ, ಅಲ್ವಾ?