ಸಿ ಭಾಷೆಯ ಫೈಲು ಪಾಠ: ತೆರೆಯುವುದು ಚೆನ್ನ, ಓದುವುದರಲ್ಲಿ ದೋಷ

ದಾಲ್‌ಮಿಲ್ಲೊಂದರಲ್ಲಿ ಲೆಕ್ಕ ಬರೆಯುವ ನಾನು, ತೊಗರಿ ಆವಕದ ದಿನವಹಿಯನ್ನು ನಾನೇ ಬರೆದ ಪ್ರೋಗ್ರಾಂನಲ್ಲಿ ಇಡಬೇಕೆಂಬ ಆಸೆಯಿಂದ, ಕಲಬುರಗಿಯ ಕಂಪ್ಯೂಟರ್ ತರಗತಿಯೊಂದರಲ್ಲಿ ಸಿ ಭಾಷೆ ಕಲಿಯಲು ಸೇರಿದ್ದೆ. ನನಗೆ ಮುಖ್ಯವಾಗಿ ಬೇಕಾಗಿದ್ದದ್ದು ಫೈಲುಗಳ ಪಾಠ. ಈ ವಿಮರ್ಶೆಯೂ ಅದಕ್ಕಷ್ಟೇ ಸೀಮಿತ.

ಫೈಲು ತೆರೆಯುವುದನ್ನು ಅವರು ಕಲಿಸಿದ ಬಗೆ ಮೆಚ್ಚುವಂತಹದು. ಫೈಲು ತೆರೆಯುವ ಎಫ್‌ಓಪನ್‌ಗೆ ಕೊಡುವ 'ಆರ್' (ಓದಲು), 'ಡಬ್ಲ್ಯೂ' (ಬರೆಯಲು), 'ಎ' (ಕೊನೆಗೆ ಸೇರಿಸಲು) ಅಕ್ಷರಗಳನ್ನು ಬಾಯಿಪಾಠ ಮಾಡಿಸದೆ, ಮಾಸ್ತರರು ಒಂದು ಫೈಲಿನಲ್ಲಿ ಹತ್ತು ಸಾಲು ಬರೆಸಿ, ಅದನ್ನೇ 'ಡಬ್ಲ್ಯೂ' ಕೊಟ್ಟು ಮತ್ತೆ ತೆರೆಸಿದರು. ಹೊಸದಾಗಿ ಒಂದಕ್ಷರ ಬರೆಯುವ ಮೊದಲೇ ಹತ್ತೂ ಸಾಲು ಅಳಿಸಿಹೋಗಿದ್ದವು. ಹಳೆಯ ಲೆಕ್ಕ ಉಳಿಸಿ ಕೊನೆಗೆ ಸೇರಿಸಲು 'ಎ' ಬೇಕೆಂದು ಮತ್ತೆ ಹೇಳಬೇಕಾಗಲಿಲ್ಲ. ಇಲ್ಲದ ಫೈಲನ್ನು 'ಆರ್' ಕೊಟ್ಟು ತೆರೆಯಹೋದರೆ ನಲ್ (ಫೈಲು ತೆರೆಯಲಿಲ್ಲವೆಂಬ ಸೂಚನೆ) ಬರುವುದನ್ನೂ, ಅದನ್ನು ಪರೀಕ್ಷಿಸದೆ ಮುಂದುವರಿಯಬಾರದೆಂಬುದನ್ನೂ ಹೀಗೆಯೇ ತೋರಿಸಿದರು. ಎಫ್‌ಪ್ರಿಂಟ್‌ಎಫ್‌ನಿಂದ ಫೈಲಿಗೆ ಬರೆದದ್ದು ಮೊದಲು ಮೆಮೊರಿಯ ತಾತ್ಕಾಲಿಕ ಜಾಗವಾದ ಬಫರ್‌ನಲ್ಲಿ ನಿಲ್ಲುತ್ತದೆ, ಫೈಲು ಮುಚ್ಚುವ ಎಫ್‌ಕ್ಲೋಸ್ ಅಥವಾ ಬಫರ್ ಖಾಲಿ ಮಾಡುವ ಎಫ್‌ಫ್ಲಷ್ ಆಗುವ ಮುನ್ನ ಪ್ರೋಗ್ರಾಂ ನಡುವೆಯೇ ನಿಂತರೆ ಆ ಸಾಲುಗಳು ಕಳೆದುಹೋಗಬಹುದು ಎಂದು ವಿವರಿಸುತ್ತಿದ್ದಾಗಲೇ ಕರೆಂಟು ಹೋಯಿತು. ಅದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿರಲಿಲ್ಲ.

ಓದುವ ಪಾಠ ಮಾತ್ರ ನಿರಾಸೆ ತಂದಿತು. ಫೈಲು ಮುಗಿಯಿತೇ ಎಂದು ತಿಳಿಸುವ ಎಫ್‌ಇಒಎಫ್ ಸುಳ್ಳಾಗಿರುವವರೆಗೆ, ಅದೇ ಸೂಚನೆಗಳನ್ನು ಮತ್ತೆ ಮತ್ತೆ ನಡೆಸುವ ವೈಲ್ ಲೂಪ್ ತಿರುಗಿಸಬೇಕೆಂದು ಅವರ ನೋಟ್ಸ್‌ನಲ್ಲಿದೆ. ಅದರಂತೆ ಬರೆದಾಗ ನನ್ನ ದಿನವಹಿಯ ಮೊತ್ತ 40 ಚೀಲ ಹೆಚ್ಚು ಬಂತು. ಕೊನೆಯ ಗಾಡಿಯ ಚೀಲಗಳು ಎರಡು ಬಾರಿ ಕೂಡಿದ್ದವು. ಫೈಲಿನ ಅಂತ್ಯವನ್ನು ದಾಟಿ ಓದಲು ಯತ್ನಿಸಿ ವಿಫಲವಾದ ಮೇಲಷ್ಟೇ ಎಫ್‌ಇಒಎಫ್ ನಿಜವಾಗುತ್ತದೆ. ಆ ವಿಫಲ ಓದಿನ ನಂತರವೂ ಓದಿದ್ದನ್ನು ಇಡುವ ವೇರಿಯಬಲ್‌ಗಳಲ್ಲಿ ಹಳೆಯ ಅಂಕಿಯೇ ಉಳಿದಿರುವುದರಿಂದ ಅದು ಮತ್ತೊಮ್ಮೆ ಲೆಕ್ಕಕ್ಕೆ ಸೇರುತ್ತದೆ. ಫೈಲಿನಿಂದ ಓದುವ ಎಫ್‌ಸ್ಕ್ಯಾನ್‌ಎಫ್ ಎಷ್ಟು ಅಂಕಿಗಳನ್ನು ಓದಿತೆಂಬುದನ್ನೇ ಲೂಪಿನ ಷರತ್ತಾಗಿ ಇಟ್ಟರೆ ಈ ತೊಂದರೆ ಇಲ್ಲ. ಕೇಳಿದ್ದಕ್ಕೆ, ಕೊನೆಯ ಸಾಲನ್ನು ಕಳೆದುಬಿಡಿ ಎಂಬ ಉತ್ತರ ಬಂತು. ಮಿಲ್ಲಿನ ಮಾಲೀಕರೆದುರು ಹಾಗೆ ಹೇಳುವ ಧೈರ್ಯ ನನಗಿಲ್ಲ.

ಫೈಲು ಅಳಿಸುವ ರಿಮೂವ್, ಹೆಸರು ಬದಲಿಸುವ ರಿನೇಮ್ ಎರಡನ್ನೂ ಕೊನೆಯ ಅರ್ಧ ಗಂಟೆಯಲ್ಲಿ ಮುಗಿಸಿದರು. ಕಲಿಯುವುದು ಇನ್ನೂ ನೀಲಿ ಪರದೆಯ ಹಳೆಯ ಕಂಪೈಲರ್ (ಪ್ರೋಗ್ರಾಂ ಅನ್ನು ಯಂತ್ರಭಾಷೆಗೆ ತಿರುಗಿಸುವ ತಂತ್ರಾಂಶ) ಟರ್ಬೊ ಸಿಯಲ್ಲೇ. ಮನೆಯಲ್ಲಿ ಜಿಸಿಸಿ ಎಂಬ ಕಂಪೈಲರ್ ಹಾಕಿಕೊಂಡವರಿಗೆ ಅಭ್ಯಾಸ ಸುಲಭ. 3,000 ರೂಪಾಯಿ ಶುಲ್ಕಕ್ಕೆ ಮೊದಲ ನಾಲ್ಕು ತರಗತಿಗಳು ಮೋಸವಲ್ಲ. ಸೇರುವವರು ಓದುವ ಪಾಠವಿರುವ ಐದನೆಯದರ ನೋಟ್ಸ್ ನಕಲು ಮಾಡುವ ಮೊದಲು ಮೂರು ಸಾಲಿನ ಫೈಲೊಂದನ್ನು ಓದಿಸಿ, ಪರದೆಯ ಮೇಲೆ ಎಷ್ಟು ಸಾಲು ಬಂದವೆಂದು ಎಣಿಸಿಕೊಳ್ಳಲಿ.