ಅರ್ಧ ನೀರು, ಅರ್ಧ ನೆಲದ ಟ್ಯಾಂಕಿಗೆ ಮೊದಲ ನ್ಯೂಟ್: ಚೈನೀಸ್ ಫೈರ್ ಬೆಲ್ಲಿ ಹೇಗಿದೆ?

ಕಲ್ಲು ಜೋಡಿಸಿ, ಮೇಲೆ ಪಾಚಿ ಹಾಸಿ, ಎರಡು ಭಾನುವಾರ ಕೂತು ಟ್ಯಾಂಕಿನ ಅರ್ಧ ಭಾಗಕ್ಕೆ ಚಂದದ ದಡ ಕಟ್ಟಿದ್ದೆ. ನಮ್ಮ ನ್ಯೂಟ್ ಅದನ್ನು ಹತ್ತಿದ್ದು ಮೊದಲ ವಾರ ಮಾತ್ರ. ಆಮೇಲೆ ಇಡೀ ದಿನ ನೀರಲ್ಲೇ. ಎರಡು ವರ್ಷ ಸಾಕಿದ ಮೇಲೆ ಹೇಳುತ್ತಿದ್ದೇನೆ, ಬೆಳೆದ ಫೈರ್ ಬೆಲ್ಲಿಗೆ ಬೇಕಾದದ್ದು ತಣ್ಣಗಿನ ನೀರು. ನೆಲ ಅಂತ ಒಂದು ತೇಲುವ ಕಾರ್ಕ್ ತುಂಡು ಇದ್ದರೆ ಸಾಕು. ದಡ ಕಿತ್ತು ಹಾಕಿದೆ, ಈಜಲು ಜಾಗ ಜಾಸ್ತಿ ಆಯಿತು.

ನೋಡದವರಿಗೆ ಹೇಳುವುದಾದರೆ, ನ್ಯೂಟ್ ಹಲ್ಲಿ ಥರ ಕಾಣುತ್ತದೆ, ಆದರೆ ನೆಂಟಸ್ತನ ಕಪ್ಪೆಯ ಕಡೆಯದ್ದು. ಚೈನೀಸ್ ಫೈರ್ ಬೆಲ್ಲಿ 6ರಿಂದ 10 ಸೆಂ.ಮೀ. ಉದ್ದ. ಬೆನ್ನು ಕಪ್ಪು, ಹೊಟ್ಟೆ ಕೆಂಡದ ಬಣ್ಣ. ಗಾಜಿಗೆ ಅಂಟಿಕೊಂಡಾಗ ಆ ಹೊಟ್ಟೆ ನೋಡುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಜಪಾನೀಸ್ ಫೈರ್ ಬೆಲ್ಲಿ ಇದಕ್ಕಿಂತ ಸ್ವಲ್ಪ ದೊಡ್ಡದು, ಚರ್ಮ ಒರಟು, ಸಿಕ್ಕರೆ ಅದೂ ಒಳ್ಳೆಯದೇ. ಸ್ಪ್ಯಾನಿಷ್ ರಿಬ್ಡ್ ನ್ಯೂಟ್ ತುಂಬಾ ಗಟ್ಟಿ ಪ್ರಾಣಿ, ಆದರೆ 20 ಸೆಂ.ಮೀ. ದಾಟಬಹುದು, ಸಣ್ಣ ಟ್ಯಾಂಕ್ ಇರುವವರು ಆಸೆ ಬಿಡಿ.

ನನ್ನ ಮೊದಲ ಖರೀದಿ ಮಾತ್ರ ಎಡವಟ್ಟಾಯಿತು. ಒಂದು ಅಂಗಡಿಯವರು ಎರಡನ್ನೂ ಫೈರ್ ಬೆಲ್ಲಿ ಅಂತಲೇ ಕೊಟ್ಟರು, ಅದರಲ್ಲಿ ದೊಡ್ಡದು ಪ್ಯಾಡಲ್‌ಟೇಲ್ ಅನ್ನುವ ಬೇರೆಯೇ ಜಾತಿಯ ನ್ಯೂಟ್ ಅಂತ ಗೊತ್ತಾಗಿದ್ದು ಮೂರನೇ ದಿನ, ಅದು ಚಿಕ್ಕದರ ಮುಂಗಾಲಿನ ಎರಡು ಬೆರಳು ಕಚ್ಚಿ ತುಂಡು ಮಾಡಿದಾಗ. ಬೆರಳು ಮತ್ತೆ ಬೆಳೆದವು, ನ್ಯೂಟ್‌ಗಳಿಗೆ ಆ ವರ ಇದೆ ಅನ್ನಿ. ನೀವು ಬಾಲದ ತುದಿ ನೋಡಿ: ಫೈರ್ ಬೆಲ್ಲಿಯದು ಚೂಪಾಗುತ್ತಾ ಹೋಗುತ್ತದೆ, ಪ್ಯಾಡಲ್‌ಟೇಲ್‌ನದು ದೋಣಿಯ ಹುಟ್ಟಿನ ಹಾಗೆ ಅಗಲ, ತುದಿ ದುಂಡಗೆ. ಬಣ್ಣ ನಂಬಬೇಡಿ, ಎರಡಕ್ಕೂ ಕಿತ್ತಳೆ ಹೊಟ್ಟೆ ಇರುತ್ತದೆ.

ಟ್ಯಾಂಕ್ ಕಿಟ್ ಜೊತೆ ಒಂದು ಹೀಟರ್ ಬಂದಿತ್ತು. ಅದನ್ನು ಡಬ್ಬಿಯಿಂದ ತೆಗೆಯಲೇ ಇಲ್ಲ. ಇದಕ್ಕೆ 16ರಿಂದ 20 ಡಿಗ್ರಿ ಹಿತ, 24 ದಾಟಿದರೆ ಊಟ ಬಿಡುತ್ತದೆ, ಕಾಯಿಲೆ ಬೀಳುತ್ತದೆ. ಬೇಸಿಗೆಯಲ್ಲಿ ನೀರಿನ ಮೇಲೆ ಸಣ್ಣ ಫ್ಯಾನ್ ತಿರುಗಿಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ, ನೀರು ಆವಿಯಾಗುವುದರಿಂದ ದಿನಾ ಅಷ್ಟಿಷ್ಟು ಸೇರಿಸಬೇಕು. ನಿಮ್ಮ ಮನೆ ವರ್ಷವಿಡೀ ಬಿಸಿ ಅಂದರೆ, ನೀರು ತಣ್ಣಗಿಡುವ ಚಿಲ್ಲರ್‌ಗೂ ಕೈ ಬಿಚ್ಚುವ ಮನಸ್ಸಿಲ್ಲದಿದ್ದರೆ, ದಯವಿಟ್ಟು ತರಬೇಡಿ.

ಮುಚ್ಚಳ ಬಿಗಿ ಇರಲಿ. ಒದ್ದೆ ಹೊಟ್ಟೆ ಅಂಟಿಸಿಕೊಂಡು ನೇರ ಗಾಜು ಹತ್ತುತ್ತದೆ. ನಮ್ಮದು ಫಿಲ್ಟರ್ ಪೈಪ್ ಪಕ್ಕದ ಬೆರಳಗಲದ ಸಂದಿಯಿಂದ ಆಚೆ ಬಂದು ಒರೆಸುವ ಬಟ್ಟೆ ಕೆಳಗೆ ಕೂತಿತ್ತು, ಪುಣ್ಯಕ್ಕೆ ಬಟ್ಟೆ ಒದ್ದೆ ಇತ್ತು. ಸಣ್ಣ ಜಲ್ಲಿಯನ್ನೂ ಹಾಕಬೇಡಿ, ಹುಳದ ಜೊತೆ ನುಂಗಿಬಿಡುತ್ತದೆ.

ಚರ್ಮದಲ್ಲಿ ಟೆಟ್ರೊಡೊಟಾಕ್ಸಿನ್ ವಿಷ ಇದೆ, ಪಫರ್ ಮೀನಿನಲ್ಲಿ ಇರುವುದೇ. ಮುಟ್ಟಿದರೆ ಏನೂ ಆಗಲ್ಲ, ಆದರೆ ಕೈ ತೊಳೆಯದೆ ಬಾಯಿಗೆ, ಕಣ್ಣಿಗೆ ಹಾಕಬಾರದು. ಎತ್ತಿ ಆಡಿಸುವ ಪ್ರಾಣಿ ಬೇಕು ಅಂದವರಿಗೆ ಇದು ಅಲ್ಲವೇ ಅಲ್ಲ.

ಮಾರಾಟಕ್ಕೆ ಬರುವ ಚೈನೀಸ್ ಫೈರ್ ಬೆಲ್ಲಿಗಳಲ್ಲಿ ಕಾಡಿನಿಂದ ಹಿಡಿದವೇ ಜಾಸ್ತಿ. ಮನೆಯಲ್ಲಿ ಮರಿ ಮಾಡಿಸಿದವರ ಹತ್ತಿರವೇ ಕೊಳ್ಳಿ, ಕಾನೂನನ್ನೂ ನೋಡಿಕೊಳ್ಳಿ. ಚರ್ಮ ತಿನ್ನುವ ಬಿಸಾಲ್ ಫಂಗಸ್ ಭಯಕ್ಕೆ ಅಮೆರಿಕ 2016ರಲ್ಲಿ 201 ಜಾತಿಯ ಸಾಲಮ್ಯಾಂಡರ್‌ಗಳ (ನ್ಯೂಟ್‌ಗಳೂ ಇದೇ ಗುಂಪಿನವು) ಆಮದು ನಿಲ್ಲಿಸಿತು, ಫೈರ್ ಬೆಲ್ಲಿಯೂ ಆ ಪಟ್ಟಿಯಲ್ಲಿದೆ.

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ಎರೆಹುಳದ ತುಂಡನ್ನು ಚಿಮಟದಲ್ಲಿ ಹಿಡಿದರೆ ತಲೆ ಓರೆ ಮಾಡಿ ಅರ್ಧ ನಿಮಿಷ ಯೋಚಿಸಿ, ಗಬಕ್ಕನೆ ಬಾಯಿ ಹಾಕುತ್ತದೆ, ಎಷ್ಟೋ ಸಲ ಹುಳ ಬಿಟ್ಟು ಚಿಮಟವನ್ನೇ ಕಚ್ಚುತ್ತದೆ. ಕಳೆದ ಒಂದು ಅಂಕ ಬೇಸಿಗೆಯದ್ದು.